ಹದಿನಾರು ಪಾಪ್ಲರ್, ಒಂದು ಮೆರಾಂಟಿ

ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆಯೋಣ. ಅಡ್ಡಕ್ಕೆ 1980ರಿಂದ ಈಚಿನ ವರ್ಷಗಳು, ಉದ್ದಕ್ಕೆ ಪ್ಲೈವುಡ್ ರಫ್ತು, ಘನ ಮೀಟರುಗಳಲ್ಲಿ. ಮೊದಲನೆಯದು ಇಂಡೊನೇಷ್ಯಾದ ಗೆರೆ. 1980ರಲ್ಲಿ ಅದು ಮೂರು ಲಕ್ಷದ ಒಳಗೇ ಇದೆ. ಹತ್ತು ವರ್ಷದಲ್ಲಿ 80 ಲಕ್ಷ ದಾಟುತ್ತದೆ, 1990ರ ದಶಕದ ಮೊದಲರ್ಧದಲ್ಲಿ 90 ಲಕ್ಷದ ಆಸುಪಾಸು ಮುಟ್ಟುತ್ತದೆ, ಅಲ್ಲಿಂದ ಜಾರುತ್ತ ಜಾರುತ್ತ 2000ರ ದಶಕದ ನಡುವಿಗೆ 35 ಲಕ್ಷದ ಸುತ್ತ ಬಂದು ನಿಲ್ಲುತ್ತದೆ. ಎರಡನೆಯದು ಚೀನಾದ ಗೆರೆ. 1990ರ ದಶಕದ ಮಧ್ಯದಲ್ಲಿ ಚೀನಾ ವರ್ಷಕ್ಕೆ ಸುಮಾರು 20 ಲಕ್ಷ ಘನ ಮೀಟರ್ ಪ್ಲೈವುಡ್ಡನ್ನು ಹೊರಗಿನಿಂದ ಕೊಳ್ಳುತ್ತಿದ್ದ ದೇಶ, ಅದರ ಬಹುಪಾಲು ಇಂಡೊನೇಷ್ಯಾದಿಂದಲೇ ಬರುತ್ತಿತ್ತು. 2001ರಲ್ಲಿ ಅದರ ರಫ್ತು ಹತ್ತು ಲಕ್ಷದ ಹತ್ತಿರ ಬಂದು ಆಮದನ್ನು ಮೀರಿತು. 2006ರಲ್ಲಿ 80 ಲಕ್ಷ ದಾಟಿತು. 2010ರ ದಶಕದ ಮೊದಲ ವರ್ಷಗಳಲ್ಲಿ ಒಂದು ಕೋಟಿಯನ್ನೂ ಮುಟ್ಟಿತು. 2003-04ರ ಸುಮಾರಿಗೆ ಎರಡು ಗೆರೆಗಳು ಒಂದನ್ನೊಂದು ಹಾಯುತ್ತವೆ.

ಈ ಚಿತ್ರ ನೋಡಿದವರು ‘ಇಂಡೊನೇಷ್ಯಾದ ಮಾರುಕಟ್ಟೆಯನ್ನು ಚೀನಾ ಕಿತ್ತುಕೊಂಡಿತು’ ಎಂದು ತೀರ್ಮಾನಿಸಿಬಿಡುತ್ತಾರೆ. ಅಂಕಿಗಳೇನೋ ಸರಿ. ಆದರೆ ಒಂದು ಘನ ಮೀಟರ್ ಪ್ಲೈವುಡ್ ಎಲ್ಲಿ ಹುಟ್ಟಿದರೂ ಒಂದೇ ವಸ್ತು ಎಂದು ಆ ತೀರ್ಮಾನ ನಂಬಿಕೊಂಡಿದೆ. ನನಗೆ ತೋರುವುದೇ ಬೇರೆ. ಆ ಎರಡು ಗೆರೆಗಳು ಎರಡು ಬೇರೆ ಬೇರೆ ಮರಗಳನ್ನು, ಎರಡು ಬೇರೆ ಯಂತ್ರಗಳನ್ನು, ಎರಡು ಬೇರೆ ಕಾಡುಗಳ ಚರಿತ್ರೆಯನ್ನು ಒಂದೇ ಹೆಸರಿನಡಿ ಎಣಿಸಿವೆ. ಅದನ್ನು ತಿಳಿಯಲು ಲೆಕ್ಕದ ಪುಸ್ತಕ ಬದಿಗಿಟ್ಟು, ದಿಮ್ಮಿ ಸುಲಿಯುವ ಯಂತ್ರದ ಮುಂದೆ ನಿಲ್ಲಬೇಕು.

ಪ್ಲೈವುಡ್ ತಯಾರಿಕೆಯಲ್ಲಿ ಮರವನ್ನು ಸೀಳುವುದಿಲ್ಲ, ಸುಲಿಯುತ್ತಾರೆ. ಬಿಸಿನೀರಿನಲ್ಲೋ ಹಬೆಯಲ್ಲೋ ಮೆದುವಾದ ದಿಮ್ಮಿಯನ್ನು ತಿರುಗಿಸುತ್ತ, ಅದರ ಇಡೀ ಉದ್ದಕ್ಕೂ ಒಂದು ಹರಿತವಾದ ಅಲಗನ್ನು ಒತ್ತಿ ಹಿಡಿಯುತ್ತಾರೆ. ಸುತ್ತಿಟ್ಟ ಚಾಪೆ ಬಿಚ್ಚಿಕೊಂಡ ಹಾಗೆ ಮರ ತೆಳ್ಳನೆಯ ಹಾಳೆಯಾಗಿ ಹೊರಬರುತ್ತದೆ. ಈ ಹಾಳೆಯೇ ವೆನೀರ್. ಒಂದರ ಮೇಲೊಂದು ಹಾಳೆಯನ್ನು ನಾರು ಅಡ್ಡಡ್ಡ ಬರುವಂತೆ ಜೋಡಿಸಿ, ಅಂಟು ಹಚ್ಚಿ, ಬಿಸಿ ಒತ್ತುಯಂತ್ರದಲ್ಲಿ ಅದುಮಿದರೆ ಪ್ಲೈವುಡ್. ಮರ ನಾರಿನ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ, ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ. ನಾರುಗಳು ಅಡ್ಡಡ್ಡ ಕೂತಾಗ ಒಂದು ಪದರ ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ. ಗಟ್ಟಿ ಹಲಗೆ ಮಳೆಗಾಲದಲ್ಲಿ ಸೊಟ್ಟಗಾಗುವಂತೆ ಪ್ಲೈವುಡ್ ಆಗದಿರುವುದಕ್ಕೆ ಇದೇ ಕಾರಣ.

ಹಳೆಯ ಸುಲಿಯಂತ್ರದಲ್ಲಿ ದಿಮ್ಮಿಯ ಎರಡೂ ತುದಿಗಳನ್ನು ಕಬ್ಬಿಣದ ಹಲ್ಲುಗಳು ಕಚ್ಚಿ ಹಿಡಿದು ತಿರುಗಿಸುತ್ತವೆ. ಸುಲಿಯುತ್ತ ಹೋದಂತೆ ದಿಮ್ಮಿ ಸಣ್ಣದಾಗುತ್ತದೆ, ಅಲಗಿನ ಒತ್ತಡಕ್ಕೆ ನಡುವೆ ಬಾಗತೊಡಗುತ್ತದೆ, ಹಲ್ಲುಗಳಿಗೆ ಕಚ್ಚಲು ಮರವೂ ಉಳಿಯುವುದಿಲ್ಲ. ಹಾಗಾಗಿ ನಡುವಿನ ಒಂದು ದಿಂಡನ್ನು ಬಿಡಲೇಬೇಕು. ಆ ದಿಂಡಿನ ಅಡ್ಡಳತೆ 12 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ದಿಮ್ಮಿ 60 ಸೆಂಟಿಮೀಟರಿನದಾಗಿದ್ದರೆ ನಷ್ಟ ಶೇಕಡ 4 ಮಾತ್ರ. ಅಡ್ಡಳತೆಗಳ ಅನುಪಾತ ಐದರಲ್ಲಿ ಒಂದು, ಅದರ ವರ್ಗ ಇಪ್ಪತ್ತೈದರಲ್ಲಿ ಒಂದು. ಅದೇ ಯಂತ್ರಕ್ಕೆ 15 ಸೆಂಟಿಮೀಟರಿನ ದಿಮ್ಮಿ ಕೊಟ್ಟರೆ ನಷ್ಟ ಶೇಕಡ 64. ಅಂಥ ಮರವನ್ನು ಯಾವ ಗಿರಣಿಯೂ ಮುಟ್ಟುವುದಿಲ್ಲ. ಆದ್ದರಿಂದ ಇಪ್ಪತ್ತನೆಯ ಶತಮಾನದ ಬಹುಕಾಲ ಪ್ಲೈವುಡ್ ಉದ್ಯಮವೆಂದರೆ ದೊಡ್ಡ ದಿಮ್ಮಿಯ ಉದ್ಯಮ. ದೊಡ್ಡ ದಿಮ್ಮಿಯೆಂದರೆ ಹಳೆಯ ಕಾಡು.

ಹಲ್ಲುಗಳಿಲ್ಲದ ಇನ್ನೊಂದು ಬಗೆಯ ಯಂತ್ರವಿದೆ. ಅದರಲ್ಲಿ ದಿಮ್ಮಿಯನ್ನು ತುದಿಯಲ್ಲಿ ಯಾರೂ ಹಿಡಿಯುವುದಿಲ್ಲ. ಉದ್ದುದ್ದನೆಯ ಉರುಳೆಗಳು ಹೊರಮೈಯನ್ನು ಒತ್ತಿ, ತಿರುಗಿಸುತ್ತ, ಅಲಗಿನತ್ತ ತಳ್ಳುತ್ತವೆ. ದಿಮ್ಮಿಗೆ ಉದ್ದಕ್ಕೂ ಆಸರೆ ಇರುವುದರಿಂದ ಬಾಗುವ ಮಾತಿಲ್ಲ. ಮೂರು ಸೆಂಟಿಮೀಟರ್ ದಿಂಡು ಉಳಿಯುವವರೆಗೂ ಸುಲಿಯಬಹುದು. ಈಗ 15 ಸೆಂಟಿಮೀಟರಿನ ದಿಮ್ಮಿಯಲ್ಲೂ ನಷ್ಟ ಅದೇ ಶೇಕಡ 4. ಈ ಯಂತ್ರ ಬಂದಮೇಲೆ, ಕಟ್ಟಿಗೆಗೂ ಕಾಗದದ ತಿರುಳಿಗೂ ಹೋಗುತ್ತಿದ್ದ ಎಳೆಯ ಮರವೂ ಪ್ಲೈವುಡ್ ಆಗಬಲ್ಲದು ಎಂದಾಯಿತು.

ಇನ್ನೂ ಒಂದು ಲೆಕ್ಕ ಮಾಡೋಣ. ದಿಮ್ಮಿ ನೇರವಾಗಿ, ದುಂಡಗೆ ಇದೆ ಎಂದುಕೊಂಡು ಒಂದೂವರೆ ಮಿಲಿಮೀಟರ್ ದಪ್ಪದ ಹಾಳೆ ಸುಲಿದರೆ, ಇಂಡೊನೇಷ್ಯಾದ ಕಾಡುಮರವಾದ ಮೆರಾಂಟಿಯ 60 ಸೆಂಟಿಮೀಟರಿನ ದಿಮ್ಮಿಯಿಂದ ಸುಮಾರು 180 ಮೀಟರ್ ಉದ್ದದ ಒಂದೇ ಹಾಳೆ ಬರುತ್ತದೆ. ಚೀನಾದ ರೈತರು ಬೆಳೆಸುವ ಪಾಪ್ಲರಿನ 15 ಸೆಂಟಿಮೀಟರಿನ ದಿಮ್ಮಿಯಿಂದ ಬರುವುದು 11 ಮೀಟರಿಗೆ ಚೂರು ಹೆಚ್ಚು. ಒಂದು ಮೆರಾಂಟಿಗೆ ಹದಿನಾರು ಪಾಪ್ಲರ್. ಆ ಹದಿನಾರನ್ನೂ ಒಂದೊಂದಾಗಿ ಎತ್ತಿಡಬೇಕು, ಒಂದೊಂದಾಗಿ ದುಂಡಗೆ ಮಾಡಬೇಕು, ತುಂಡು ಹಾಳೆಗಳನ್ನು ಒಣಗಿಸಿ, ಗಂಟು ತೂತುಗಳನ್ನು ನೋಡಿ, ಕೈಯಿಂದ ಅಂಚಿಗೆ ಅಂಚು ಕೂಡಿಸಿ ಜೋಡಿಸಬೇಕು. ಕೈಗಳು ಹೆಚ್ಚಾಗಿರುವ, ಕೂಲಿ ಕಡಿಮೆಯಿರುವ ನಾಡಿಗೆ ಮಾತ್ರ ಇದು ಕಟ್ಟುವ ಕೆಲಸ. ಜೋಡಣೆಯಲ್ಲಿ ಎರಡು ತುಂಡುಗಳ ನಡುವೆ ಸಂದು ಉಳಿದರೆ ಹಲಗೆಯೊಳಗೆ ಟೊಳ್ಳು ಕೂರುತ್ತದೆ. ನಮ್ಮ ಮರಗೆಲಸದವರು ‘ಕೋರ್ ಗ್ಯಾಪ್’ ಎನ್ನುವುದು ಇದಕ್ಕೇ. ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ.

ಈಗ ಇಂಡೊನೇಷ್ಯಾಕ್ಕೆ ಬರೋಣ. 1967ರಲ್ಲಿ ಸುಹಾರ್ತೊ ಆಡಳಿತ ಅರಣ್ಯ ಕಾಯ್ದೆಯನ್ನೂ ವಿದೇಶಿ ಹೂಡಿಕೆಯ ಕಾಯ್ದೆಯನ್ನೂ ತಂದು, ಕಾಲಿಮಂಟನ್ (ಬೋರ್ನಿಯೊದ ಇಂಡೊನೇಷ್ಯಾ ಭಾಗ) ಮತ್ತು ಸುಮಾತ್ರಾದ ಕಾಡುಗಳನ್ನು ದೊಡ್ಡ ದೊಡ್ಡ ಗುತ್ತಿಗೆಗಳಾಗಿ ಹಂಚಿತು. 1970ರ ದಶಕದ ಕೊನೆಗೆ ವರ್ಷಕ್ಕೆ ಸುಮಾರು ಎರಡು ಕೋಟಿ ಘನ ಮೀಟರ್ ದಿಮ್ಮಿ ಸಮುದ್ರ ದಾಟುತ್ತಿತ್ತು. ಅದನ್ನು ಸುಲಿದು ಲಾಭ ಮಾಡಿಕೊಳ್ಳುತ್ತಿದ್ದವು ಜಪಾನ್, ದಕ್ಷಿಣ ಕೊರಿಯಾ, ತೈವಾನ್. ತನ್ನ ನೆಲದಲ್ಲಿ ಒಂದು ಮೆರಾಂಟಿಯೂ ಬೆಳೆಯದ ಕೊರಿಯಾ 1970ರ ದಶಕದಲ್ಲಿ ಜಗತ್ತಿನ ದೊಡ್ಡ ಪ್ಲೈವುಡ್ ರಫ್ತುದಾರರಲ್ಲಿ ಒಂದಾಗಿತ್ತು. ಜಕಾರ್ತಾದವರಿಗೆ ಇದು ಚುಚ್ಚಿದ್ದು ಸಹಜ. 1980ರಿಂದ ದಿಮ್ಮಿ ರಫ್ತಿಗೆ ಹಂತಹಂತವಾಗಿ ಕಡಿವಾಣ ಬಿತ್ತು, 1985ರಲ್ಲಿ ಪೂರ್ಣ ನಿಷೇಧವೇ ಬಂತು. ಕಾಡಿನ ಗುತ್ತಿಗೆ ಬೇಕಿದ್ದರೆ ಗಿರಣಿ ಕಟ್ಟಬೇಕು ಎಂಬ ಶರತ್ತು ಬಂತು. ನೂರಕ್ಕೂ ಹೆಚ್ಚು ಗಿರಣಿಗಳು ಎದ್ದವು. ನಮ್ಮ ಮೊದಲ ಗೆರೆ ನೆಟ್ಟಗೆ ಮೇಲೇರಿದ್ದು ಆಗ.

ಆ ಗಿರಣಿಗಳೆಲ್ಲ ಒಂದೇ ಸಂಘದ ಹಿಡಿತಕ್ಕೆ ಬಂದವು. ಆಪ್ಕಿಂಡೊ ಎಂಬ ಆ ಸಂಘದ ಮುಖ್ಯಸ್ಥ, ಸುಹಾರ್ತೊ ಅವರ ಆಪ್ತ ಬಾಬ್ ಹಸನ್. ಯಾರು ಎಷ್ಟು ರಫ್ತು ಮಾಡಬೇಕು, ಯಾವ ದೇಶಕ್ಕೆ, ಯಾವ ಬೆಲೆಗೆ ಎಂಬುದನ್ನು ಸಂಘವೇ ತೀರ್ಮಾನಿಸುತ್ತಿತ್ತು. ಜಪಾನಿಗೆ ಹೋಗುವ ಮಾಲು ಅದರದೇ ನಂಟಿನ ನಿಪ್ಪಿಂಡೊ ಎಂಬ ಕಂಪನಿಯ ಮೂಲಕವೇ ಹೋಗಬೇಕಿತ್ತು. ದೇಶದ ಒಟ್ಟು ರಫ್ತು ಗಳಿಕೆಯಲ್ಲಿ ಹತ್ತರಲ್ಲೊಂದು ಪಾಲಿನ ಹತ್ತಿರ ಪ್ಲೈವುಡ್ಡೇ ತಂದುಕೊಟ್ಟ ವರ್ಷಗಳಿವೆ.

ಈ ಯಶಸ್ಸನ್ನು ಕಾಡಿನ ಕಡೆಯಿಂದ ನೋಡಿದರೆ ಬೇರೆಯದೇ ಕಾಣುತ್ತದೆ. ಒಂದು ಘನ ಮೀಟರ್ ಪ್ಲೈವುಡ್ಡಿಗೆ ಸಿಪ್ಪೆ, ದಿಂಡು, ಅಂಚು, ಒಣಗುವಾಗಿನ ಕುಗ್ಗುವಿಕೆ ಎಲ್ಲ ಸೇರಿ ಸುಮಾರು 2.3 ಘನ ಮೀಟರ್ ದಿಮ್ಮಿ ಬೇಕು. ವ್ಯಾಪಾರ ತಜ್ಞರು ಇದನ್ನು ದಿಮ್ಮಿ ಸಮಾನಾಂಕ ಎನ್ನುತ್ತಾರೆ. ಮರದ ಉತ್ಪನ್ನಗಳನ್ನು ಹೋಲಿಸಲು ಇಷ್ಟು ಉಪಯುಕ್ತವಾದ ಸಾಧನ ಇನ್ನೊಂದಿಲ್ಲ. 90 ಲಕ್ಷವನ್ನು 2.3ರಿಂದ ಗುಣಿಸಿದರೆ ಎರಡು ಕೋಟಿ ದಾಟುತ್ತದೆ. ಅಂದರೆ 1970ರ ದಶಕದಲ್ಲಿ ದಿಮ್ಮಿಯಾಗಿ ಹೋದಷ್ಟೇ ಮರ 1990ರ ದಶಕದಲ್ಲಿ ಹಲಗೆಯಾಗಿ ಹೋಗುತ್ತಿತ್ತು. ಉದ್ಯೋಗ, ಹಣ, ಕಾರ್ಖಾನೆ ಎಲ್ಲ ದೇಶದೊಳಗೆ ಬಂದವು, ಆದರೆ ಕೊಡಲಿಯ ವೇಗ ಇಳಿಯಲಿಲ್ಲ. ದಿಮ್ಮಿಯನ್ನು ಹೊರಗೆ ಮಾರುವಂತಿಲ್ಲವಾದ್ದರಿಂದ ದೇಶದೊಳಗೆ ಅದು ಅಗ್ಗವಾಯಿತು, ಅಗ್ಗದ ಮರವನ್ನು ಗಿರಣಿಗಳು ಉಳಿಸಲು ಹೋಗಲಿಲ್ಲ. ವಾಷಿಂಗ್‌ಟನ್ನಿನ ವಿಶ್ವ ಸಂಪನ್ಮೂಲ ಸಂಸ್ಥೆಯ ಅರ್ಥಶಾಸ್ತ್ರಜ್ಞ ರಾಬರ್ಟ್ ರೆಪೆಟ್ಟೊ 1980ರ ದಶಕದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು.

1997-98ರಲ್ಲಿ ಎಲ್ಲವೂ ಒಟ್ಟಿಗೆ ಕುಸಿಯಿತು. ಏಷ್ಯಾದ ಹಣಕಾಸು ಬಿಕ್ಕಟ್ಟು, ಬೋರ್ನಿಯೊ ಮತ್ತು ಸುಮಾತ್ರಾದ ಭೀಕರ ಕಾಳ್ಗಿಚ್ಚು, ಸುಹಾರ್ತೊ ಪತನ. ಸಾಲ ಕೊಟ್ಟ ಅಂತರರಾಷ್ಟ್ರೀಯ ಹಣಕಾಸು ನಿಧಿ 1998ರ ಜನವರಿಯ ಒಪ್ಪಂದದಲ್ಲಿ ಪ್ಲೈವುಡ್ ಸಂಘದ ಏಕಸ್ವಾಮ್ಯ ನಿಲ್ಲಬೇಕೆಂದು ಹೇಳಿತು. ಆದರೆ ಗೆರೆ ಇಳಿದದ್ದಕ್ಕೆ ರಾಜಕೀಯವೊಂದೇ ಕಾರಣವೆಂದು ನಾನು ಒಪ್ಪಲಾರೆ. ರೂಪಿಯಾ ಬಿದ್ದಾಗ ರಫ್ತು ಉಬ್ಬಬೇಕಿತ್ತು. ಉಬ್ಬಲಿಲ್ಲ, ಏಕೆಂದರೆ ಗಿರಣಿಗೆ ಸುಲಭವಾಗಿ ಎಟುಕುವ 60 ಸೆಂಟಿಮೀಟರಿನ ಮರ ಕರಗುತ್ತ ಬಂದಿತ್ತು. ಉಳಿದ ಕಾಡನ್ನು ತಾಳೆ ತೋಟ, ಕಾಗದದ ಕಾರ್ಖಾನೆಗಳ ನೆಡುತೋಪುಗಳು ತಿನ್ನತೊಡಗಿದ್ದವು.

ಅದೇ 1998ರ ಬೇಸಿಗೆಯಲ್ಲಿ ಚೀನಾದ ಯಾಂಗ್ಟ್ಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಜಲಾನಯನದ ಕಾಡು ಕಡಿದದ್ದೂ ಕಾರಣವೆಂದು ಗುರುತಿಸಿದ ಬೀಜಿಂಗ್, ನದಿಯ ಮೇಲ್ಭಾಗದ ನೈಸರ್ಗಿಕ ಕಾಡಿನಲ್ಲಿ ಮರ ಕಡಿಯುವುದನ್ನು ನಿಲ್ಲಿಸಿತು. 1999ರಲ್ಲಿ ಹೊರಗಿನ ದಿಮ್ಮಿಯ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ತನ್ನ ಕಾಡನ್ನು ಮುಚ್ಚಿದ ಎರಡೇ ಮೂರು ವರ್ಷಗಳಲ್ಲಿ ಚೀನಾ ಪ್ಲೈವುಡ್ ರಫ್ತುದಾರನಾಗಿ ಎದ್ದು ನಿಂತಿತು. ಬೆನ್ನಿಗಿದ್ದದ್ದು ಪೂರ್ವದ ಬಯಲಿನ ಪಾಪ್ಲರ್. ಶಾನ್‌ಡಾಂಗ್ ಪ್ರಾಂತದ ಲಿನ್ಯಿ, ಜಿಯಾಂಗ್ಸುವಿನ ಪಿಝೌ ಮುಂತಾದ ಕಡೆ ರೈತರು ಹೊಲದ ಬದುವಿನಲ್ಲಿ, ಕಾಲುವೆಯ ದಂಡೆಯಲ್ಲಿ, ರಸ್ತೆಯ ಬದಿಯಲ್ಲಿ ಬೆಳೆಸಿದ ಮರ ಅದು. ಹತ್ತು ವರ್ಷದೊಳಗೆ ಕಡಿತಕ್ಕೆ ಬರುತ್ತದೆ. ಹಳ್ಳಿಹಳ್ಳಿಯ ಸಣ್ಣ ಶೆಡ್ಡುಗಳಲ್ಲಿ ಹಲ್ಲಿಲ್ಲದ ಸುಲಿಯಂತ್ರ. ಸುಲಿದ ಹಾಳೆಗಳು ಬಯಲಿನ ಬಿಸಿಲಲ್ಲಿ ಸಾಲುಸಾಲಾಗಿ ಒಣಗುತ್ತವೆ. ಒಣಗಿದ ಹಾಳೆ ಪಟ್ಟಣದ ಗಿರಣಿಗೆ ಬಂದು ಅಂಟು ಮೆತ್ತಿಸಿಕೊಂಡು ಹಲಗೆಯಾಗುತ್ತದೆ. ಆಪ್ಕಿಂಡೊ ಮಾದರಿಗೆ ಇದು ತದ್ವಿರುದ್ಧ. ಅಲ್ಲಿ ನೂರು ದೊಡ್ಡ ಗಿರಣಿ, ಒಬ್ಬ ಯಜಮಾನ. ಇಲ್ಲಿ ಸಾವಿರಾರು ಸಣ್ಣ ಘಟಕ, ಬೆಲೆಗೆ ಬೆಲೆ ಕಡಿಯುವ ಪೈಪೋಟಿ.

ಪಾಪ್ಲರಿನ ಮುಖ ಮಾತ್ರ ಪೇಲವ, ಗ್ರಾಹಕನ ಕಣ್ಣಿಗೆ ಹಿಡಿಸುವುದಿಲ್ಲ. ಅದಕ್ಕೆ ಮೇಲೆ ಹೊದಿಸಲು ಗ್ಯಾಬನ್ ದೇಶದ ಒಕುಮೆ, ಪಪುವಾ ನ್ಯೂಗಿನಿ ಮತ್ತು ಸಾಲೊಮನ್ ದ್ವೀಪಗಳ ಬಿಂಟಾಂಗರ್, ರಷ್ಯಾದ ಬರ್ಚ್ ಬಂದವು. ಅರ್ಧ ಮಿಲಿಮೀಟರಿಗಿಂತಲೂ ತೆಳ್ಳಗೆ ಸುಲಿದ ಹಾಳೆ. 18 ಮಿಲಿಮೀಟರ್ ಹಲಗೆಯ ಎರಡೂ ಮುಖಕ್ಕೆ 0.3 ಮಿಲಿಮೀಟರಿನ ಬಿಂಟಾಂಗರ್ ಹೊದಿಸಿದರೆ ಅದರ ಪಾಲು ಶೇಕಡ 3 ಚಿಲ್ಲರೆ ಮಾತ್ರ. ಆದರೆ ಜಗತ್ತಿನ ಬಹುತೇಕ ಸುಂಕಕಟ್ಟೆಗಳು ಬಳಸುವ 4412ನೇ ಸಂಕೇತದ ನಿಯಮದಲ್ಲಿ, ಹೊರಪದರಗಳಲ್ಲಿ ಒಂದಾದರೂ ಉಷ್ಣವಲಯದ ಮರದ್ದಾಗಿದ್ದರೆ ಇಡೀ ಹಲಗೆ ಉಷ್ಣವಲಯದ ಪ್ಲೈವುಡ್ ಎಂಬ ಕಟ್ಟಿಗೆ ಸೇರುತ್ತದೆ. ಮೈಯೆಲ್ಲ ಪಾಪ್ಲರ್ ಆಗಿರುವ ಲಿನ್ಯಿಯ ಹಲಗೆಯೂ, ಪದರಪದರವೂ ಮೆರಾಂಟಿಯೇ ಆಗಿರುವ ಕಾಲಿಮಂಟನ್ನಿನ ಸಮರಿಂಡಾದ ಹಲಗೆಯೂ ಒಂದೇ ಖಾನೆಯಲ್ಲಿ ಕೂತುಬಿಡುತ್ತವೆ. ನಮ್ಮ ಎರಡು ಗೆರೆಗಳನ್ನು ನೇರವಾಗಿ ಹೋಲಿಸುವವರು ತಪ್ಪುವುದು ಇಲ್ಲೇ.

ಇವೆರಡೂ ಬೇರೆ ಸರಕು ಎಂಬುದಕ್ಕೆ ಗಟ್ಟಿ ಸಾಕ್ಷಿ ಬೇಕೆಂದರೆ ಜಪಾನಿನ ಆಮದು ಲೆಕ್ಕ ನೋಡಬೇಕು. ಜಗತ್ತಿನ ಮೊತ್ತದಲ್ಲಿ ಚೀನಾ ಇಂಡೊನೇಷ್ಯಾವನ್ನು ಹಿಂದಿಕ್ಕಿದ ವರ್ಷಗಳಲ್ಲೇ ಜಪಾನಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಇಂಡೊನೇಷ್ಯಾವನ್ನು ದಾಟಿದ್ದು ಸಾರವಾಕ್ ರಾಜ್ಯದ ಗಿರಣಿಗಳ ಬಲದ ಮಲೇಷ್ಯಾ. ಚೀನಾ ಬಹಳ ಹಿಂದುಳಿದು ಮೂರನೆಯ ಸ್ಥಾನದಲ್ಲಿತ್ತು. ಜಪಾನಿನವರಿಗೆ ಬೇಕಿದ್ದದ್ದು ಕಾಂಕ್ರೀಟ್ ಸುರಿಯುವ ಅಚ್ಚಿನ ಹಲಗೆ. ಒದ್ದೆಯಾಗಿ, ಭಾರ ಹೊತ್ತು, ಮತ್ತೆ ಮತ್ತೆ ಬಳಕೆಯಾಗುವ ಆ ಹಲಗೆಗೆ ಟೊಳ್ಳಿಲ್ಲದ ಒಳಮೈ ಬೇಕು. ಅದನ್ನು ದೊಡ್ಡ ದಿಮ್ಮಿಯ ಉದ್ದನೆಯ ಹಾಳೆ ಕೊಡುತ್ತಿತ್ತು. ಚೀನಾ ಗೆದ್ದದ್ದು ಅಮೆರಿಕ, ಬ್ರಿಟನ್, ಕೊಲ್ಲಿ ರಾಷ್ಟ್ರಗಳಂಥ ಕಡೆ. ಅಲ್ಲಿ ಹೆಚ್ಚಿನ ಬೇಡಿಕೆ ಕಪಾಟು, ಪೀಠೋಪಕರಣ, ಪ್ಯಾಕಿಂಗಿನದು. ಅಮೆರಿಕದಲ್ಲೂ ಒಂದು ಮೂಲೆ ಇಂಡೊನೇಷ್ಯಾದ ಪಾಲಿಗೇ ಉಳಿಯಿತು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತ ತಯಾರಾಗುವ ಪ್ರವಾಸಿ ಮನೆವಾಹನಗಳ ಗೋಡೆಗೆ ಮೂರು ಮಿಲಿಮೀಟರಿಗೂ ತೆಳ್ಳನೆಯ, ನಯವಾದ ಮೆರಾಂಟಿ ಪ್ಲೈವುಡ್ಡೇ ಬೇಕಿತ್ತು.

  

ಪರಿಮಾಣ ಬಿಟ್ಟು ಬೇರೆ ಅಳತೆಗೋಲು ಹಿಡಿದರೆ ಇನ್ನೂ ಕೆಲವು ಸಂಗತಿ ಹೊಳೆಯುತ್ತವೆ. ಹಂಗೆರಿ ಮೂಲದ ಅರ್ಥಶಾಸ್ತ್ರಜ್ಞ ಬೆಲಾ ಬಲಾಸಾ 1965ರಲ್ಲಿ ಕೊಟ್ಟ ಸೂಚ್ಯಂಕವೊಂದಿದೆ. ಒಂದು ದೇಶದ ರಫ್ತಿನಲ್ಲಿ ಒಂದು ಸರಕಿನ ಪಾಲನ್ನು, ಜಗತ್ತಿನ ರಫ್ತಿನಲ್ಲಿ ಅದೇ ಸರಕಿನ ಪಾಲಿನಿಂದ ಭಾಗಿಸುವುದು. ಒಂದಕ್ಕಿಂತ ಹೆಚ್ಚು ಬಂದರೆ ಆ ದೇಶಕ್ಕೆ ಅದರಲ್ಲಿ ಮೇಲುಗೈ. ಇಂಡೊನೇಷ್ಯಾದ ಅಂಕ ಆಕಾಶಕ್ಕೇರಿತ್ತು, ಅದರ ಬುಟ್ಟಿಯಲ್ಲಿ ಪ್ಲೈವುಡ್ ಅಷ್ಟು ದೊಡ್ಡದು. ಚೀನಾ ಅಷ್ಟೇ ಪ್ಲೈವುಡ್ ಮಾರಿದ 2006ರಲ್ಲಿ ಅದು ದೇಶದ ಒಟ್ಟು ರಫ್ತಿನ ಶೇಕಡ ಒಂದರೊಳಗೇ ಇತ್ತು. ಜಕಾರ್ತಾದಲ್ಲಿ ಪ್ಲೈವುಡ್ ಬೆಲೆ ಬಿದ್ದರೆ ಅದು ಇಡೀ ದೇಶದ ಚಿಂತೆ. ಬೀಜಿಂಗಿನಲ್ಲಿ ಅದು ಒಂದೆರಡು ಜಿಲ್ಲೆಗಳ ಚಿಂತೆ.

ಇನ್ನೊಂದು ವಿಧಾನವನ್ನು ಕನ್ನಡಿ ಲೆಕ್ಕ ಎನ್ನಬಹುದು. ‘ಅ’ ದೇಶ ಕಳಿಸಿದೆನೆಂದು ಬರೆದದ್ದನ್ನು ‘ಆ’ ದೇಶ ಪಡೆದೆನೆಂದು ಬರೆದದ್ದರ ಎದುರು ಇಡುವುದು. ಎರಡೂ ಪೂರ್ತಿ ಹೊಂದುವುದು ಅಪರೂಪ. ರಫ್ತುದಾರ ಹಡಗು ಹತ್ತಿಸಿದ ಬೆಲೆ ಬರೆಯುತ್ತಾನೆ, ಆಮದುದಾರ ಬಾಡಿಗೆ, ವಿಮೆ ಸೇರಿಸಿ ಬರೆಯುತ್ತಾನೆ. ಡಿಸೆಂಬರಿನಲ್ಲಿ ಹೊರಟ ಹಡಗು ಜನವರಿಯಲ್ಲಿ ತಲುಪುತ್ತದೆ. ಇವೆಲ್ಲ ಸಾಧು ಕಾರಣಗಳು. ಸಾಧುವಲ್ಲದ ಕಾರಣವೂ ಇರುತ್ತದೆ, ಕಳ್ಳಸಾಗಣೆ. ನಡುವೆ ಸಡಿಲಿಸಿದ್ದ ದಿಮ್ಮಿ ರಫ್ತನ್ನು ಇಂಡೊನೇಷ್ಯಾ 2001ರ ಅಕ್ಟೋಬರಿನಲ್ಲಿ ಮತ್ತೆ ನಿಷೇಧಿಸಿತು. ಆಮೇಲೆ ಅದರ ಪುಸ್ತಕದಲ್ಲಿ ಸೊನ್ನೆ ಇರಬೇಕು. ಆದರೆ 2005ರಲ್ಲಿ ಲಂಡನ್ನಿನ ಪರಿಸರ ತನಿಖಾ ಸಂಸ್ಥೆಯೂ ಇಂಡೊನೇಷ್ಯಾದ ತೆಲಪಾಕ್ ಸಂಘಟನೆಯೂ ಹೊರತಂದ ವರದಿ, ಇಂಡೊನೇಷ್ಯಾದ ಪಪುವಾ ಪ್ರದೇಶದಿಂದ ತಿಂಗಳಿಗೆ ಮೂರು ಲಕ್ಷ ಘನ ಮೀಟರ್ ಮೆರ್ಬಾವ್ ದಿಮ್ಮಿ ಚೀನಾಕ್ಕೆ ಕಳ್ಳಸಾಗಣೆಯಾಗುತ್ತಿದೆ ಎಂದಿತು. ಮಲೇಷ್ಯಾದ ಸರಕೆಂದು ಸುಳ್ಳು ಕಾಗದ ಮಾಡಿಸಿ ಬಂದರು ದಾಟಿಸುತ್ತಿದ್ದರು. ಮೆರ್ಬಾವ್ ನೆಲಹಾಸಿನ ಮರ, ಪ್ಲೈವುಡ್ಡಿನದಲ್ಲ. ಆದರೂ ಅದನ್ನು ಇಲ್ಲಿ ಹೇಳಬೇಕು. ಚೀನಾದ ಕಾಡಿಗೆ ಸಿಕ್ಕ ವಿಶ್ರಾಂತಿಯ ಒಂದಂಶವನ್ನು ಪಪುವಾದ ಕಾಡು ತೆತ್ತಿತು, ಮತ್ತು ಅದು ಯಾವ ದೇಶದ ರಫ್ತು ಗೆರೆಯಲ್ಲೂ ಮೂಡಲಿಲ್ಲ.

ನಂತರದ ಏರಿಳಿತಗಳಲ್ಲಿ ಮರಕ್ಕಿಂತ ಕಾನೂನಿನ ಕೈ ಹೆಚ್ಚು. 2008ರಲ್ಲಿ ಅಮೆರಿಕ ತನ್ನ ಲೇಸಿ ಕಾಯ್ದೆ ತಿದ್ದಿ ಕದ್ದ ಮರದ ಆಮದನ್ನು ಅಪರಾಧವೆಂದಿತು. 2013ರಿಂದ ಯುರೋಪಿನ ಒಕ್ಕೂಟದಲ್ಲೂ ಅಂಥ ನಿಯಮ ಬಂತು. 2016ರ ನವೆಂಬರಿನಲ್ಲಿ ಇಂಡೊನೇಷ್ಯಾ, ಯುರೋಪು ಒಪ್ಪುವ ಕಾನೂನುಬದ್ಧ ಮರದ ಪರವಾನಗಿ ನೀಡಿದ ಜಗತ್ತಿನ ಮೊದಲ ದೇಶವಾಯಿತು. 2017ರ ಕೊನೆಯಲ್ಲಿ ಅಮೆರಿಕ ಚೀನಾದ ಗಡಸುಮರದ ಪ್ಲೈವುಡ್ ಮೇಲೆ ಶೇಕಡ 183ರ ಸುರಿತ-ವಿರೋಧಿ (ಆ್ಯಂಟಿ-ಡಂಪಿಂಗ್) ಸುಂಕವನ್ನೂ, ಅದರ ಮೇಲೆ ಸಬ್ಸಿಡಿ-ವಿರೋಧಿ ಸುಂಕವನ್ನೂ ಹೇರಿತು. ಆ ಮಾರುಕಟ್ಟೆಯ ತೆರವನ್ನು ತುಂಬಿದ್ದು ವಿಯೆಟ್ನಾಂ, ಮತ್ತು ಇಂಡೊನೇಷ್ಯಾ.

ಕರ್ನಾಟಕದಲ್ಲೂ ಈ ಬದಲಾವಣೆಯ ಗುರುತುಗಳಿವೆ. ಬೆಂಗಳೂರಿನಲ್ಲಿ 1962ರಲ್ಲಿ ಪ್ಲೈವುಡ್ ಸಂಶೋಧನಾ ಸಂಸ್ಥೆ ಹುಟ್ಟಿದ ಕಾಲದಲ್ಲಿ ಪ್ಲೈವುಡ್ ಎಂದರೆ ಪಶ್ಚಿಮಘಟ್ಟದ ದೊಡ್ಡ ಮರ. ಈಗ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಸುಲಿಯಂತ್ರ ಏರುತ್ತದೆ. ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರ, ಹರಿಯಾಣದ ಯಮುನಾನಗರದಲ್ಲಿ ಪಾಪ್ಲರ್. ಅಂಗಡಿಯಲ್ಲಿ ‘ಗುರ್ಜನ್ ಫೇಸ್’ ಎಂದು ಕೇಳಿ ಕೊಳ್ಳುವ ಹಲಗೆಯ ಮುಖ ಹೊರದೇಶದ್ದು, ಹೊಟ್ಟೆ ಬಹುಮಟ್ಟಿಗೆ ರೈತನ ಮರದ್ದು. ಗುರ್ಜನ್ ಮರ ಕಳಿಸುತ್ತಿದ್ದ ಮ್ಯಾನ್ಮಾರ್ 2014ರ ಏಪ್ರಿಲಿನಲ್ಲಿ ದಿಮ್ಮಿ ರಫ್ತು ನಿಲ್ಲಿಸಿದಾಗ ಆ ಮುಖದ ಬೆಲೆ ಎಷ್ಟು ಕುಲುಕಾಡಿತೆಂಬುದು ಮರದ ವ್ಯಾಪಾರಿಗಳಿಗೆ ಗೊತ್ತು. ಗ್ಯಾಬನ್ 2010ರಲ್ಲೇ ಅದೇ ದಾರಿ ಹಿಡಿದಿತ್ತು. ಇಬ್ಬರೂ ಅನುಸರಿಸಿದ್ದು ಜಕಾರ್ತಾದ 1985ರ ಪಾಠವನ್ನು.

ಇಂಡೊನೇಷ್ಯಾದ ಗೆರೆಯೊಳಗಿನ ಮರವೂ ಈಗ ಬದಲಾಗಿದೆ. ಜಾವಾದ ಸಣ್ಣ ರೈತರು ಮರಗೆಣಸು, ಶುಂಠಿಗಳ ಜೊತೆ ಸೆಂಗೋನ್ ಎಂಬ ಹಗುರ ಮರವನ್ನು ಬೆಳೆಸುತ್ತಾರೆ. ಐದಾರು ವರ್ಷಕ್ಕೇ ಕಡಿಯುತ್ತಾರೆ, ಹಲ್ಲಿಲ್ಲದ ಯಂತ್ರದಲ್ಲೇ ಸುಲಿಯುತ್ತಾರೆ. ಸುಲಿಯಲಾರದ್ದನ್ನು ಪಟ್ಟಿಗಳಾಗಿ ಸೀಳಿ, ಅಂಟಿಸಿ, ‘ಬೇರ್‌ಕೋರ್’ ಎಂಬ ಹೆಸರಿನಲ್ಲಿ ಚೀನಾಕ್ಕೂ ತೈವಾನಿಗೂ ಕಳಿಸುತ್ತಾರೆ. ಅಲ್ಲಿ ಅದರ ಎರಡೂ ಮುಖಕ್ಕೆ ವೆನೀರ್ ಹೊದಿಸಿದ ಮೇಲೆ ಅದು ಬ್ಲಾಕ್‌ಬೋರ್ಡ್ ಎನಿಸಿಕೊಂಡು ಅದೇ 4412ರಡಿ ಎಣಿಕೆಯಾಗುತ್ತದೆ. ಅದರಲ್ಲಿ ಚೀನಾದಿಂದ ಮರಳಿ ರಫ್ತಾದಷ್ಟು ಭಾಗ ಚೀನಾದ ಗೆರೆಗೆ ಸೇರುತ್ತದೆ.